ಉತ್ತರ ಪತ್ರಿಕೆಯ ಮೇಲಣ ಟಿಪ್ಪಣಿಯೂ ಗಣಕಯಂತ್ರವೂ

ಎಂಬತ್ತು ಉತ್ತರ ಪತ್ರಿಕೆಗಳನ್ನು ಒಂದೇ ಸಮನೆ ತಿದ್ದಿದ ಅಧ್ಯಾಪಕರೆಲ್ಲರೂ ಬಲ್ಲರು: ಮೊದಲ ಹತ್ತರ ಅಂಚಿನಲ್ಲಿ ವಾಕ್ಯಗಳಿರುತ್ತವೆ, ಕೊನೆಯ ಹತ್ತರಲ್ಲಿ ಕೆಂಪು ಗೆರೆ ಮಾತ್ರ. ಇದು ಉದಾಸೀನವಲ್ಲ, ಕೈಯ ದಣಿವು. ಆದರೆ ನಷ್ಟವು ವಿದ್ಯಾರ್ಥಿಯದು. 1988ರಲ್ಲಿ ರೂತ್ ಬಟ್ಲರ್ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಟಿಪ್ಪಣಿಯನ್ನಷ್ಟೇ ಪಡೆದ ಶಾಲಾ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಬರಿಯ ಅಂಕವನ್ನಾಗಲಿ, ಅಂಕದೊಡನೆ ಟಿಪ್ಪಣಿಯನ್ನಾಗಲಿ ಪಡೆದವರು ಹಾಗೆ ಸುಧಾರಿಸಲಿಲ್ಲ. ಅಂಕವನ್ನು ಕಂಡೊಡನೆ ಟಿಪ್ಪಣಿಯ ಓದು ನಿಲ್ಲುವುದೆಂದು ತೋರುತ್ತದೆ.

ಈ ಹೊರೆಯನ್ನು ಯಂತ್ರಕ್ಕೆ ವಹಿಸುವ ಯತ್ನ ಹೊಸದಲ್ಲ. ಗಣಕಯಂತ್ರವು ಪ್ರಬಂಧಗಳಿಗೆ ಅಂಕ ಕೊಡಬಲ್ಲದೆಂದು ಅಮೆರಿಕದ ಎಲ್ಲಿಸ್ ಪೇಜ್ ಅವರು 1966ರಲ್ಲಿಯೇ ಪ್ರತಿಪಾದಿಸಿದ್ದರು. ಅವರ ಯಂತ್ರವು ಅರ್ಥವನ್ನು ಓದುತ್ತಿರಲಿಲ್ಲ. ಪ್ರಬಂಧದ ಉದ್ದ, ಪದಗಳ ಉದ್ದ, ಅಲ್ಪವಿರಾಮ ಮೊದಲಾದುವನ್ನು ಎಣಿಸುತ್ತಿತ್ತು. ಇಂತಹ ಯಂತ್ರಗಳ ಮಿತಿಯನ್ನು 2014ರಲ್ಲಿ ಲೆಸ್ ಪೆರೆಲ್ಮನ್ ಅವರೂ ಕೆಲವರು ವಿದ್ಯಾರ್ಥಿಗಳೂ ಬಯಲಿಗೆಳೆದರು. ಅವರ ತಂತ್ರಾಂಶವು ಹೆಣೆದ ಅರ್ಥಶೂನ್ಯ ಪ್ರಬಂಧಗಳಿಗೂ ಯಂತ್ರವು ಉತ್ತಮ ಅಂಕಗಳನ್ನೇ ಕೊಟ್ಟಿತು!

ಆದಕಾರಣ, ತೀರ್ಪನ್ನು ಅಧ್ಯಾಪಕರಿಗೇ ಬಿಟ್ಟು ಬರವಣಿಗೆಯ ಶ್ರಮವನ್ನು ಮಾತ್ರ ಹೊರುವ ಸಾಧನವೇ ನಮಗೆ ಲೇಸೆನಿಸುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 2014ರಲ್ಲಿ ಹುಟ್ಟಿದ ಗ್ರೇಡ್‌ಸ್ಕೋಪ್ ಅಂತಹುದು. ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಎಲ್ಲರ ಒಂದೇ ಪ್ರಶ್ನೆಯ ಉತ್ತರಗಳನ್ನು ಸಾಲಾಗಿ ಓದಬಹುದು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಳ್ಳಲು ಕಾರಣಗಳೇನೆಂದು ಕೇಳಿದೆವೆನ್ನೋಣ. ‘ಕಾರಣಗಳನ್ನು ಎಣಿಸಿದ್ದೀರಿ, ತೂಗಿ ನೋಡಿಲ್ಲ’ ಎಂಬ ಟಿಪ್ಪಣಿಯನ್ನು ಒಮ್ಮೆ ಬರೆದರೆ, ಆ ದೋಷವುಳ್ಳ ಪ್ರತಿಯೊಂದು ಉತ್ತರಕ್ಕೂ ಅದನ್ನು ಲಗತ್ತಿಸಬಹುದು. ಮೂವತ್ತನೆಯ ಉತ್ತರವನ್ನು ಓದುವಾಗ, ಎಣಿಸಿದ ಕ್ರಮದಲ್ಲಿಯೇ ತೂಕವೂ ಅಡಗಿರಬಹುದೆಂದು ನಮಗೆ ಹೊಳೆಯಿತೆನ್ನಿ. ಕಾಗದದಲ್ಲಾದರೆ ಹಿಂದಿನ ಇಪ್ಪತ್ತೊಂಬತ್ತು ಮಂದಿಗೆ ಆದ ಅನ್ಯಾಯ ಹಾಗೆಯೇ ಉಳಿಯುವುದು. ಇಲ್ಲಿ ಟಿಪ್ಪಣಿಯನ್ನೂ ಅದರ ಅಂಕವನ್ನೂ ಒಂದೆಡೆ ತಿದ್ದಿದರೆ ಎಲ್ಲ ಪ್ರತಿಗಳಲ್ಲಿಯೂ ತಿದ್ದುಪಡಿಯಾಗುತ್ತದೆ. ಈ ಗುಣಕ್ಕಾಗಿಯೇ ಸಾಧನವನ್ನು ಒಪ್ಪಬಹುದೆಂದು ನಮ್ಮ ಅಭಿಪ್ರಾಯ. ಸಿದ್ಧ ಟಿಪ್ಪಣಿಯು ಯಾರಿಗೂ ಸರಿಯಾಗಿ ಹೊಂದದಿರುವ ಅಪಾಯವುಂಟು. ಅಂತಹೆಡೆ ಒಂದು ಸಾಲನ್ನು ನಾವೇ ಸೇರಿಸಬೇಕು. 2022ರ ಕೊನೆಯಲ್ಲಿ ಬಂದ ಚಾಟ್‌ಜಿಪಿಟಿಯಂತಹವು ಟಿಪ್ಪಣಿಯನ್ನೇ ಬರೆದುಕೊಡುತ್ತವೆ, ನಿಜ. ಆದರೆ ಇಲ್ಲದ ಆಧಾರವನ್ನು ಉಂಟೆಂದು ಹೇಳುವುದೂ ಅವುಗಳಿಗೆ ಸಲೀಸು.

ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಉಂಟೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿತು. ಆದರೆ ಕೇಳಿ ಪಡೆದ ಪ್ರತಿಯಲ್ಲಿ ಬಹುಮಟ್ಟಿಗೆ ಕಾಣುವುದು ಅಂಕಿಗಳೇ. ಆಂತರಿಕ ಪರೀಕ್ಷೆಗಳಾದರೋ ನಮ್ಮ ಕೈಯಲ್ಲೇ ಇವೆ. ಅವುಗಳಲ್ಲಿ ಅಂಕವನ್ನು ಒಂದು ವಾರ ತಡೆದು, ಟಿಪ್ಪಣಿಯನ್ನು ಮೊದಲು ಕೊಟ್ಟು ನೋಡಲು ಯಾವ ಅಡ್ಡಿಯೂ ಇಲ್ಲ.