ಮನೆಯಲ್ಲಿ ಕಟ್ಟಿಗೆ ಸೀಳುವ ವಿದ್ಯುತ್ ಯಂತ್ರ: ಆಯ್ಕೆಯೂ ಸಂಪರ್ಕವೂ

ಬಸವಕಲ್ಯಾಣ ತಾಲೂಕಿನ ಮುಡಬಿಯ ಸುತ್ತಿನ ಹಳ್ಳಿಗಳಲ್ಲಿ ತೊಗರಿ ಕಟ್ಟಿಗೆಯೂ ಕುಳ್ಳೂ ಒಲೆಗೆ ಒದಗುತ್ತವೆ. ಇವನ್ನು ಸೀಳುವ ಕೆಲಸವಿಲ್ಲ. ಅಡಿಗೆ ಅನಿಲವಿರುವ ಮನೆಗಳಲ್ಲಿ ಉರುವಲು ಇನ್ನೂ ಕಡಿಮೆ ಸಾಕು. ಆದುದರಿಂದ ಒಂದು ಸಂಸಾರದ ನೀರೊಲೆಗಾಗಿ ಮಾತ್ರ ಈ ಯಂತ್ರವನ್ನು ಕೊಳ್ಳುವುದು ಲಾಭಕರವಲ್ಲ. ಜಾಲಿ, ಹುಣಿಸೆ, ಬೇವುಗಳ ದಪ್ಪ ದಿಮ್ಮಿಗಳನ್ನು ವರ್ಷವಿಡೀ ಸೀಳಬೇಕಾದ ಖಾನಾವಳಿಯವರಿಗೂ, ನಾಲ್ಕಾರು ಮನೆಯವರು ಕೂಡಿ ಕೊಳ್ಳುವುದಾದರೆ ಒಕ್ಕಲಿಗರಿಗೂ ಇದು ಉಪಯುಕ್ತವಾದೀತು.

ಯಂತ್ರದ ಆಯ್ಕೆ

ಮೋಟಾರು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಿ ಪಿಸ್ಟನನ್ನು ಮುಂದೂಡುತ್ತದೆ. ಪಿಸ್ಟನು ದಿಮ್ಮಿಯನ್ನು ಉಕ್ಕಿನ ಬೆಣೆಗೆ ನೂಕಿ ಸೀಳುತ್ತದೆ. ಮಾರುವವರು ಟನ್ನುಗಳ ಲೆಕ್ಕವನ್ನೇ ಮುಂದಿಡುವರು. ಆದರೆ ಒತ್ತಡ, ವೇಗ ಎರಡನ್ನೂ ನೋಡತಕ್ಕದ್ದು. 2 ಅಶ್ವಶಕ್ತಿಯ, ಅಂದರೆ ಸುಮಾರು 1.5 ಕಿಲೋವಾಟಿನ ಮೋಟಾರು 5 ಟನ್ನಿನ ಒತ್ತಡದಲ್ಲಿ ಸೆಕೆಂಡಿಗೆ 3 ಸೆಂಟಿಮೀಟರಿಗಿಂತ ವೇಗವಾಗಿ ನೂಕಲಾರದು. ಅದೇ ಮೋಟಾರಿನಿಂದ 10 ಟನ್ನು ಪಡೆದರೆ ವೇಗವು ಅರ್ಧಕ್ಕಿಳಿಯುವುದು. ಗೇಣುದ್ದ ಅಡ್ಡಗಲದ ದಿಮ್ಮಿಗಳಿಗೆ ಸಾಮಾನ್ಯವಾಗಿ 5ರಿಂದ 7 ಟನ್ನು ಸಾಕು. ಜಾಲಿಯು ಒಣಗಿದ ಮೇಲೆ ಬಲು ಗಟ್ಟಿ. ಹಸಿಯಿರುವಾಗಲೇ ಸೀಳಿ ಒಣಗಿಸುವುದು ಲೇಸು.

ವಿದ್ಯುತ್ ಸಂಪರ್ಕ

ಮನೆಯ ವಿದ್ಯುತ್ತು ಏಕ ಫೇಸಿನದು, 230 ವೋಲ್ಟಿನದು. 2 ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ ಸುಮಾರು 10 ಆಂಪಿಯರನ್ನೂ, ಹೊರಡುವಾಗ ಅದರ ಐದಾರು ಪಟ್ಟನ್ನೂ ಎಳೆಯುತ್ತದೆ. ದೀಪದ ಸಾಕೆಟ್ಟಾಗಲಿ ಮನೆಯ ಸಣ್ಣ ಇನ್ವರ್ಟರಾಗಲಿ ಇದನ್ನು ತಾಳಲಾರವು. 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟು ಬೇಕು.

ತಂತಿಯ ದಪ್ಪವನ್ನು ಅಲಕ್ಷಿಸಬಾರದು. ಅಂಗಳವು ಮನೆಯಿಂದ 50 ಮೀಟರು ದೂರವಿದ್ದು, 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೆಳೆದರೆ, ಹೊರಡುವಾಗಿನ 50 ಆಂಪಿಯರಿಗೆ ಸುಮಾರು 60 ವೋಲ್ಟು ದಾರಿಯಲ್ಲಿಯೇ ನಷ್ಟವಾಗುವುದು. ಮೋಟಾರಿನ ತಿರುಗುಬಲವು ವೋಲ್ಟಿನ ವರ್ಗಕ್ಕನುಗುಣವಾಗಿ ಇಳಿಯುವುದರಿಂದ ಅರ್ಧದಷ್ಟು ಬಲ ಮಾತ್ರ ಉಳಿದು, ಮೋಟಾರು ತಿರುಗದೆ ಬಿಸಿಯೇರಿ ಸುಡುವುದು. 4 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟವು ಸುಮಾರು 23 ವೋಲ್ಟು. ಪಂಪಸೆಟ್ಟಿಗೆಂದು ಕೊಟ್ಟ ಸಂಪರ್ಕದಿಂದಾಗಲಿ, ಕಂಬದ ತಂತಿಗೆ ಕೊಕ್ಕೆ ಹಾಕಿಯಾಗಲಿ ಯಂತ್ರವನ್ನು ನಡೆಸತಕ್ಕದ್ದಲ್ಲ.

ಎಚ್ಚರಿಕೆಗಳು

1. ಯಂತ್ರಕ್ಕೆ ಅರ್ಥಿಂಗು ಇರಲೇಬೇಕು. ಬೇಸಗೆಯಲ್ಲಿ ನೆಲವು ಒಣಗಿದಂತೆ ಅರ್ಥಿಂಗು ದುರ್ಬಲವಾಗುವುದರಿಂದ ಅದರ ಗುಂಡಿಗೆ ನೀರು ಹಾಕುತ್ತಿರತಕ್ಕದ್ದು. 30 ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನೂ ಕೂಡಿಸಬೇಕು.

2. ಎರಡು ಕೈಗಳಿಂದಲೂ ಹಿಡಿದಾಗ ಮಾತ್ರ ನಡೆಯುವ ಯಂತ್ರವನ್ನೇ ಆರಿಸಿಕೊಳ್ಳಿರಿ. ಒಂದು ಹಿಡಿಯನ್ನು ಹಗ್ಗದಿಂದ ಕಟ್ಟಿಟ್ಟು ಇನ್ನೊಬ್ಬನಿಂದ ದಿಮ್ಮಿ ಹಿಡಿಸಬಾರದು. ಬೆಣೆಯು ಕಟ್ಟಿಗೆಯನ್ನೂ ಕೈಯನ್ನೂ ಬೇರೆಮಾಡಿ ತಿಳಿಯದು.

3. ಸಿಕ್ಕಿಕೊಂಡ ತುಂಡನ್ನು ತೆಗೆಯುವ ಮೊದಲು ಪ್ಲಗ್ಗನ್ನು ಕಳಚಿರಿ. ಮಳೆಯಲ್ಲಿ ಯಂತ್ರವನ್ನು ನಡೆಸಬೇಡಿರಿ. ಮಕ್ಕಳನ್ನು ಹತ್ತಿರ ಸೇರಿಸಬೇಡಿರಿ.

ಪೂರ್ಣ ಭಾರದಲ್ಲಿಯೂ ಈ ಯಂತ್ರಕ್ಕೆ ಗಂಟೆಗೆ ಸುಮಾರು 2 ಯೂನಿಟ್ಟು ಸಾಕು. ವಿದ್ಯುತ್ತಿನ ಖರ್ಚು ಅಲ್ಪವೇ ಸರಿ. ತಂತಿ, ಅರ್ಥಿಂಗುಗಳ ಖರ್ಚನ್ನು ಮಾತ್ರ ಯಾರೂ ಉಳಿಸಹೋಗಬಾರದು.