ಸ್ವದಯೆಯೂ ಧರ್ಮವೇ

ಅಹಿಂಸೆಯೆಂದೊಡನೆ ಪರಜೀವಿಗಳ ರಕ್ಷಣೆ ನೆನಪಾಗುತ್ತದೆ. ಆದರೆ ಭಯ, ಶೋಕ, ಕ್ರೋಧಗಳಲ್ಲಿ ಬೇಯುವ ಸ್ವಂತ ಆತ್ಮವನ್ನು ಉಪೇಕ್ಷಿಸುವುದೂ ಹಿಂಸೆಯೆಂಬುದು ಜೈನಾಚಾರ್ಯರ ಸೂಕ್ಷ್ಮದೃಷ್ಟಿ. ಪರದಯೆಯ ಜೊತೆಗೆ ಸ್ವದಯೆಯೂ ಬೇಕು.

ಗುಲಾಮಗಿರಿ ಮತ್ತು ವರ್ಣಭೇದದ ನೋವನ್ನು ತಲೆಮಾರುಗಳಿಂದ ಹೊತ್ತುಬಂದ ಅಮೆರಿಕದ ಕಪ್ಪುವರ್ಣೀಯರಲ್ಲಿ ಈ ಅರಿವು ಸಾಮೂಹಿಕ ಸಾಧನೆಯ ರೂಪ ತಾಳಿದೆ. ಕ್ಯಾನ್ಸರ್‌ನೊಡನೆ ಬದುಕುತ್ತಿದ್ದ ಕವಯಿತ್ರಿ ಆಡ್ರಿ ಲಾರ್ಡ್ 1988ರ ತಮ್ಮ ಕೃತಿಯಲ್ಲಿ ಆತ್ಮಪೋಷಣೆಯನ್ನು ಹೋರಾಟದ ಅಂಗವಾಗಿಯೇ ಕಂಡರು. ಧ್ಯಾನ ಮತ್ತು ಸಂಗೀತ ಅದಕ್ಕೆ ಆಸರೆಯಾದ ಬಗೆಗೆ ಆಲಿಸ್ ಕೋಲ್ಟ್ರೇನ್ ಅವರ ಬಾಳು ನಿದರ್ಶನ.

1967ರಲ್ಲಿ ಪತಿ, ಖ್ಯಾತ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ತೀರಿಕೊಂಡಾಗ, ನಾಲ್ವರು ಮಕ್ಕಳ ತಾಯಿ ಆಲಿಸ್ ನಿದ್ರೆಗೆಟ್ಟು ಕೃಶರಾದರು. ಸ್ವಾಮಿ ಸಚ್ಚಿದಾನಂದರ ಮಾರ್ಗದರ್ಶನ ಅವರಿಗೆ ನೆಮ್ಮದಿ ನೀಡಿತು. ತಾವು ಪಡೆದ ಶಾಂತಿಯನ್ನು ಅವರು ತಮ್ಮಲ್ಲೇ ಇರಿಸಿಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ವೇದಾಂತ ಕೇಂದ್ರವನ್ನೂ 1983ರಲ್ಲಿ ಆಶ್ರಮವನ್ನೂ ಸ್ಥಾಪಿಸಿದರು. ಅಲ್ಲಿನ ಭಾನುವಾರದ ಸತ್ಸಂಗಕ್ಕೆ ಬರುತ್ತಿದ್ದವರಲ್ಲಿ ಅನೇಕರು ಕಪ್ಪುವರ್ಣೀಯರು. ಆಲಿಸ್ ಆರ್ಗನ್ ನುಡಿಸುತ್ತಿದ್ದರೆ, ಸಂಸ್ಕೃತದ ಭಜನೆಗಳು ಅವರು ಬಾಲ್ಯದಲ್ಲಿ ಚರ್ಚಿನಲ್ಲಿ ಕೇಳಿ ಬೆಳೆದ ಗಾಸ್ಪೆಲ್ ಧಾಟಿಯನ್ನು ಬೆರೆಸಿಕೊಂಡು ಹೊಮ್ಮುತ್ತಿದ್ದವು. ನೆರೆದವರು ಚಪ್ಪಾಳೆ ತಟ್ಟಿ ದನಿಗೂಡಿಸುತ್ತಿದ್ದರು.

ಇಂತಹ ಕೂಟಗಳಿಂದ ಹೊರಗಿನ ಅನ್ಯಾಯ ತಾನಾಗಿ ಅಳಿಯದು. ಅದನ್ನು ಎದುರಿಸುವುದು ಸಮಾಜದ ಹೊಣೆ. ಆದರೆ ಅನ್ಯಾಯವು ಅಂತರಂಗದಲ್ಲಿ ದ್ವೇಷವಾಗಿ ಬೇರೂರದಂತೆ ಅವು ಕಾಯುತ್ತವೆ. ಶ್ರಾವಕರು ಆಚರಿಸುವ 48 ನಿಮಿಷಗಳ ಸಾಮಾಯಿಕದ ಗುರಿಯೂ ಸಮಭಾವವೇ. ದಣಿದ ಮನಕ್ಕೆ ನಿತ್ಯವೂ ಅಷ್ಟು ಹೊತ್ತಿನ ವಿಶ್ರಾಂತಿ ನೀಡುವವರು ಇತರರ ಕಣ್ಣೀರನ್ನೂ ಒರೆಸಬಲ್ಲರು.