ಒಂದು ಹಾಡಿಗಾಗಿ ಇಡೀ ಜಾಲತಾಣಕ್ಕೆ ಬೀಗ ಹಾಕಬೇಕೇ?

ಅಂತರಜಾಲದಲ್ಲಿ 'ಕೆಜಿಎಫ್' ಎಂದು ಹುಡುಕಿ ನೋಡಿ. ಮೊದಲು ಸಿಗುವುದು ಸಿನಿಮಾ. ಊರು ಸಿಗುವುದು ಆಮೇಲೆ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿತು. ಆಮೇಲೆ ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದು ಇಲ್ಲಿನ ಬದುಕಾಯಿತು. ಊರಿನ ಹೆಸರು ಹೊತ್ತ ಸಿನಿಮಾದ ಹಾಡೇ 2022ರಲ್ಲಿ ಒಂದು ದೊಡ್ಡ ಪ್ರಶ್ನೆ ಎತ್ತಿತು: ಕೃತಿಚೌರ್ಯ ತಡೆಯಲು ಎಷ್ಟರಮಟ್ಟಿಗೆ ಬಾಗಿಲು ಮುಚ್ಚಬಹುದು?

ಆಗಿದ್ದಿಷ್ಟು. 'ಕೆಜಿಎಫ್ ಚಾಪ್ಟರ್ 2' ಚಿತ್ರದ ಹಾಡನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೊಗಳಲ್ಲಿ ಅನುಮತಿಯಿಲ್ಲದೆ ಬಳಸಿದ್ದಾರೆ ಎಂದು ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದೂರು ನೀಡಿತು. ನವೆಂಬರ್ 7ರಂದು ಬೆಂಗಳೂರಿನ ನ್ಯಾಯಾಲಯವೊಂದು ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನವೇ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆದರೆ ಒಂದು ಷರತ್ತಿತ್ತು: ಆಕ್ಷೇಪಕ್ಕೆ ಒಳಗಾದ ತುಣುಕುಗಳನ್ನು ತೆಗೆದುಹಾಕಬೇಕು. ಹಾಡಿನ ಹಕ್ಕು ಹಕ್ಕುದಾರರ ಬಳಿ ಉಳಿಯಿತು, ಖಾತೆಯೂ ಉಳಿಯಿತು. ನಮ್ಮ ಇಡೀ ಚರ್ಚೆಯ ತಿರುಳು ಇದೇ.

ತಡೆ ಎನ್ನುವುದು ಕೆಲಸ ಮಾಡುವುದು ಹೇಗೆ?

ಜಾಲತಾಣವನ್ನು ತಡೆಯಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಡಿಎನ್‌ಎಸ್ ತಡೆ. ಡಿಎನ್‌ಎಸ್ ಎಂದರೆ ಅಂತರಜಾಲದ ದೂರವಾಣಿ ಪುಸ್ತಕ. ತಾಣದ ಹೆಸರು ಕೊಟ್ಟರೆ ಅದರ ಅಂಕಿ ವಿಳಾಸ ಹೇಳುತ್ತದೆ. ಆ ಪುಸ್ತಕದಿಂದ ಹೆಸರನ್ನು ಅಳಿಸಿದರೆ ತಾಣ ತೆರೆಯುವುದಿಲ್ಲ. ಎರಡನೆಯದು ಐಪಿ ತಡೆ, ಅಂದರೆ ಅಂಕಿ ವಿಳಾಸವನ್ನೇ ಮುಚ್ಚುವುದು. ಒಂದೇ ಐಪಿ ವಿಳಾಸದಲ್ಲಿ ನೂರಾರು ತಾಣಗಳು ಇರಬಹುದು, ಆಗ ತಪ್ಪಿಲ್ಲದವರೂ ಸಿಕ್ಕಿಬೀಳುತ್ತಾರೆ. ಮೂರನೆಯದು ನಿರ್ದಿಷ್ಟ ಪುಟವನ್ನು ಮಾತ್ರ ತಡೆಯುವುದು.

ಮೂರನೆಯದೇ ನ್ಯಾಯವಾದದ್ದು ಅನ್ನಿಸುತ್ತದೆ ಅಲ್ಲವೇ? ತೊಡಕು ಇರುವುದೂ ಅಲ್ಲೇ. ಇಂದು ಬಹುತೇಕ ತಾಣಗಳು ಗೂಢಲಿಪಿಯಲ್ಲಿ ಮಾಹಿತಿ ಕಳಿಸುತ್ತವೆ. ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಅಂತರಜಾಲ ಸೇವಾ ಕಂಪನಿಗೆ ಸಾಮಾನ್ಯವಾಗಿ ಕಾಣುತ್ತದೆ, ಯಾವ ಪುಟ ಓದಿದಿರಿ ಎಂಬುದು ಕಾಣುವುದಿಲ್ಲ. ಹಾಗಾಗಿ ಕಂಪನಿಗೆ ಸುಲಭದ ದಾರಿ ಇಡೀ ತಾಣವನ್ನೇ ಮುಚ್ಚುವುದು. ಟಿಕೆಟ್ ಇಲ್ಲದ ಒಬ್ಬ ಪ್ರಯಾಣಿಕ ಊರಿಗಾಂನಲ್ಲಿ ಹತ್ತಿದ ಎಂದು ಬಂಗಾರಪೇಟೆಯಲ್ಲೇ ರೈಲು ನಿಲ್ಲಿಸಿಬಿಟ್ಟ ಹಾಗೆ!

2012: ಮುಖವಾಡ ತೊಟ್ಟ ಪ್ರತಿಭಟನೆ

2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಕಪ್ಪು ಪರದೆ ಎಳೆದುಕೊಂಡಿತು. ಅಮೆರಿಕದ ಸೋಪಾ ಮತ್ತು ಪಿಪಾ ಎಂಬ ಎರಡು ಮಸೂದೆಗಳನ್ನು ವಿರೋಧಿಸಿ ಮಾಡಿದ ಪ್ರತಿಭಟನೆ ಅದು. ಕೆಲವೇ ದಿನಗಳಲ್ಲಿ ಎರಡೂ ಮಸೂದೆಗಳನ್ನು ಬದಿಗಿಡಲಾಯಿತು.

ನಮ್ಮಲ್ಲಿ ಅದೇ ವರ್ಷದ ಏಪ್ರಿಲ್‌ನಲ್ಲಿ '3' ಎಂಬ ತಮಿಳು ಚಿತ್ರದ ಅಕ್ರಮ ಪ್ರತಿಗಳನ್ನು ತಡೆಯಲು ಮದ್ರಾಸ್ ಹೈಕೋರ್ಟ್ ಆದೇಶ ನೀಡಿತು. ಕೆಲವು ಸೇವಾ ಕಂಪನಿಗಳು ವಿಮಿಯೋದಂಥ ಕಾನೂನುಬದ್ಧ ವಿಡಿಯೊ ತಾಣವನ್ನೂ ಪೂರ್ತಿ ಮುಚ್ಚಿದವು. ಜೂನ್ 9ರಂದು ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಯುವಕರು ಗೈ ಫಾಕ್ಸ್ ಮುಖವಾಡ ಧರಿಸಿ ಬೀದಿಗಿಳಿದರು. ಜೂನ್ 22ರಂದು ನ್ಯಾಯಾಲಯ ಸ್ಪಷ್ಟನೆ ಕೊಟ್ಟಿತು: ತಡೆ ಇರುವುದು ಅಕ್ರಮ ಚಿತ್ರವಿರುವ ನಿರ್ದಿಷ್ಟ ವಿಳಾಸಕ್ಕೆ, ಇಡೀ ಜಾಲತಾಣಕ್ಕೆ ಅಲ್ಲ.

ಆದರೂ ಪಾಠ ಮರೆತುಹೋಯಿತು. 2014ರ ಡಿಸೆಂಬರ್‌ನಲ್ಲಿ ಭಯೋತ್ಪಾದನೆಗೆ ಸಂಬಂಧಿಸಿದ ಬರಹಗಳ ಕಾರಣ ಕೊಟ್ಟು 32 ತಾಣಗಳನ್ನು ತಡೆಯಲಾಯಿತು. ಆ ಪಟ್ಟಿಯಲ್ಲಿ ಗಿಟ್‌ಹಬ್ ಕೂಡ ಇತ್ತು. ಸಾಫ್ಟ್‌ವೇರ್ ಕೆಲಸಗಾರರಿಗೆ ಗಿಟ್‌ಹಬ್ ಎಂದರೆ ಬಡಗಿಗೆ ಉಳಿ ಇದ್ದ ಹಾಗೆ.

ಗೂಂಡಾ ಕಾಯ್ದೆಗೂ ಸಿನಿಮಾ ಪ್ರತಿಗೂ ಏನು ಸಂಬಂಧ?

ಕರ್ನಾಟಕದಲ್ಲಿ 1985ರ ಒಂದು ಕಾಯ್ದೆಯನ್ನು ಜನ 'ಗೂಂಡಾ ಕಾಯ್ದೆ' ಎಂದೇ ಕರೆಯುತ್ತಾರೆ. 2014ರ ತಿದ್ದುಪಡಿಯಲ್ಲಿ ಅದರೊಳಗೆ 'ಡಿಜಿಟಲ್ ಅಪರಾಧಿ' ಎಂಬ ಹೊಸ ವರ್ಗ ಸೇರಿತು. ಇದು ಮುಂಜಾಗ್ರತಾ ಬಂಧನದ ಕಾನೂನು. ಅಂದರೆ ಮಾಡಿದ ತಪ್ಪಿಗೆ ಶಿಕ್ಷೆಯಲ್ಲ, ಮುಂದೆ ಮಾಡಬಹುದು ಎಂಬ ಕಾರಣಕ್ಕೆ ಬಂಧನ. ಇಂಥ ಬಂಧನದಲ್ಲಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮ ಅನ್ವಯಿಸುವುದಿಲ್ಲ. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೂ ಇಡಬಹುದು. ಅಂತರಜಾಲ ಬಳಕೆದಾರರು ಕೋಪಗೊಂಡಿದ್ದು ಇದಕ್ಕೇ.

ಹಾಗಾದರೆ ವಾಟ್ಸಾಪ್‌ನಲ್ಲಿ ಹಾಡು ಕಳಿಸಿದವರೆಲ್ಲ ಗೂಂಡಾಗಳೇ? ಇಲ್ಲ, ಇದು ತಪ್ಪು ತಿಳಿವಳಿಕೆ. ಕೃತಿಸ್ವಾಮ್ಯದ ವಿಷಯದಲ್ಲಿ ಕಾಯ್ದೆ ಹೇಳುವುದು ಗೊತ್ತಿದ್ದೂ ವಾಣಿಜ್ಯ ಉದ್ದೇಶಕ್ಕಾಗಿ ಉಲ್ಲಂಘಿಸುವವರ ಬಗ್ಗೆ. ಆದರೆ ಅದೇ ವ್ಯಾಖ್ಯೆಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹಲವು ಕಲಮುಗಳನ್ನೂ ಸೇರಿಸಲಾಗಿದೆ. ಬಲೆ ಅಗಲವಾದಷ್ಟೂ ಬೇಡದ ಮೀನು ಹೆಚ್ಚು.

ಇನ್ನೆರಡು ನಂಬಿಕೆಗಳು

"ತಡೆಯನ್ನು ವಿರೋಧಿಸುವವರೆಲ್ಲ ಕಳ್ಳಪ್ರತಿ ನೋಡುವವರು." ಇದು ನಿಜವಲ್ಲ. ಕಳ್ಳಪ್ರತಿಯಿಂದ ನಿರ್ಮಾಪಕರಿಗೆ ಮಾತ್ರವಲ್ಲ, ಚಿತ್ರಮಂದಿರ ನಂಬಿದ ಸಣ್ಣ ಕೆಲಸಗಾರರಿಗೂ ಪೆಟ್ಟು ಬೀಳುತ್ತದೆ. ಅದನ್ನು ಶಿಕ್ಷಿಸಲು ಕಾನೂನು ಇದೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯ ಪ್ರಕಾರ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ಅಲ್ಲಿ ಆರೋಪ, ಸಾಕ್ಷಿ, ವಿಚಾರಣೆ ಎಲ್ಲವೂ ಇರುತ್ತದೆ. ವಿರೋಧ ಇರುವುದು ಇವುಗಳನ್ನು ದಾಟಿಹೋಗುವ ಅಡ್ಡದಾರಿಗೆ.

"ಬೇರೆಯವರ ಹಾಡಿನ ಒಂದು ಸಾಲು ಬಳಸಿದರೂ ಅಪರಾಧ." ಇದೂ ಪೂರ್ತಿ ನಿಜವಲ್ಲ. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆ, ಸಂಶೋಧನೆ, ಸುದ್ದಿ ವರದಿಗಳಿಗೆ ನ್ಯಾಯೋಚಿತ ಬಳಕೆಯ ಅವಕಾಶ ಕೊಟ್ಟಿದೆ. ಆದರೆ ಕೆಲವು ಸೆಕೆಂಡುಗಳ ತುಣುಕು ಯಾವಾಗಲೂ ಸರಿ ಎಂಬ ನಿಯಮವೂ ಇಲ್ಲ. ಬಳಕೆಯ ಉದ್ದೇಶ, ಪ್ರಮಾಣ, ಪರಿಣಾಮ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ನಾವೇನು ಮಾಡಬಹುದು?

ಪ್ರತಿಭಟನೆಯಿಂದ ಏನೂ ಆಗದು ಎನ್ನುವವರು 2015ನ್ನು ನೆನೆಯಬೇಕು. ಅಂತರಜಾಲ ಸಮಾನತೆಗಾಗಿ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. 2016ರ ಫೆಬ್ರವರಿಯಲ್ಲಿ ಟ್ರಾಯ್ ತಾಣಕ್ಕೊಂದು ದರ ವಿಧಿಸುವ ಪದ್ಧತಿಯನ್ನು ನಿಷೇಧಿಸಿತು.

ಎಲ್ಲ ಹೋರಾಟಗಳೂ ಗೆಲ್ಲುವುದಿಲ್ಲ. ಸರ್ಕಾರದ ಸಹಯೋಗ್ ಪೋರ್ಟಲ್ ಮೂಲಕ ಬರಹ ತೆಗೆಸುವ ಕ್ರಮವನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಚರ್ಚೆ ಮಾತ್ರ ಮುಗಿದಿಲ್ಲ.

ಕೇಂದ್ರ ಸರ್ಕಾರದ 2014ರ ನೀತಿಯ ಪ್ರಕಾರ ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಇಡಬೇಕು. ಮುಂದಿನ ಬಾರಿ ಅಂಥ ಕರಡು ಬಂದಾಗ ಮೂರು ಪ್ರಶ್ನೆ ಕೇಳಿ: ತಡೆಯಲು ಹೇಳುವವರು ಯಾರು? ತಡೆ ಒಂದು ಪುಟಕ್ಕೋ, ಇಡೀ ತಾಣಕ್ಕೋ? ತಪ್ಪಾಗಿ ತಡೆದರೆ ದೂರು ಕೊಡುವುದು ಎಲ್ಲಿ? ಈ ಮೂರಕ್ಕೆ ನೇರ ಉತ್ತರ ಸಿಗದಿದ್ದರೆ ನಾಲ್ಕು ಸಾಲಿನ ಒಂದು ಇಮೇಲ್ ಬರೆಯಿರಿ. ಅದನ್ನು ಕನ್ನಡದಲ್ಲೂ ಬರೆಯಬಹುದು.